ಬೀಸೋ ದೊಣ್ಣೆ ಮತ್ತು ಹ್ಯಾಂಬರ್ಗಿನ ಗಡಿಯಾರ

ಇವತ್ತು ಒಂದು ಗಡಿಯಾರದ ಕಥೆ ಹೇಳ್ತೀನಿ. ಟೈಮ್ ತೋರಿಸೋ ಗಡಿಯಾರ ಅಲ್ಲ. ಗತ್ತು ತೋರಿಸೋ ಗಡಿಯಾರ.

ಜರ್ಮನಿಯ ಹ್ಯಾಂಬರ್ಗ್ ನಗರದಲ್ಲಿ ಫೋಕ್ಸ್‌ಪಾರ್ಕ್ ಅನ್ನೋ ಫುಟ್‌ಬಾಲ್ ಕ್ರೀಡಾಂಗಣ ಇದೆ. ಹೆಚ್ಚುಕಮ್ಮಿ 57,000 ಜನ ಕೂರಬಹುದು. ಆ ಕ್ರೀಡಾಂಗಣದ ಒಂದು ಮೂಲೆಯಲ್ಲಿ ದೊಡ್ಡ ಡಿಜಿಟಲ್ ಗಡಿಯಾರ ಇತ್ತು. ಅದರಲ್ಲಿ ವರ್ಷ, ದಿನ, ಗಂಟೆ, ನಿಮಿಷ, ಸೆಕೆಂಡು ಓಡ್ತಾ ಇರೋದು. ಏನನ್ನು ಎಣಿಸ್ತಿತ್ತು ಅದು? ಹ್ಯಾಂಬರ್ಗರ್ ಎಸ್‌ವಿ, ಅಂದರೆ ಎಚ್‌ಎಸ್‌ವಿ ಅನ್ನೋ ಕ್ಲಬ್ಬು ಜರ್ಮನಿಯ ಅತ್ಯುನ್ನತ ಲೀಗ್ ಆದ ಬುಂಡೆಸ್‌ಲಿಗಾದಲ್ಲಿ ಎಷ್ಟು ಕಾಲದಿಂದ ಇದೆ ಅನ್ನೋದನ್ನು. 1963ರ ಆಗಸ್ಟ್ 24ರಿಂದ ಲೆಕ್ಕ ಶುರು. ಅವತ್ತು ಬುಂಡೆಸ್‌ಲಿಗಾ ಹುಟ್ಟಿದ ದಿನ. ಅವತ್ತಿನಿಂದ ಒಂದೇ ಒಂದು ಸೀಸನ್ ಕೂಡ ಕೆಳಗಿಳಿಯದ ಏಕೈಕ ಕ್ಲಬ್ಬು ಇದು. ಅಭಿಮಾನಿಗಳು ಇದನ್ನು ಪ್ರೀತಿಯಿಂದ ‘ಡೈನೋ’ ಅಂತ ಕರೆದರು. ಡೈನೋಸಾರ್! ಪಾಪ, ಡೈನೋಸಾರ್‌ಗಳಿಗೆ ಕೊನೆಗೆ ಏನಾಯ್ತು ಅಂತ ಆ ಹೆಸರು ಇಟ್ಟವರು ಯೋಚನೆ ಮಾಡಿರಲಿಲ್ಲ ಅನ್ಸುತ್ತೆ.

ಮುಂದೆ ಹೋಗೋ ಮುಂಚೆ ಒಂದು ವಿಷಯ ಸ್ಪಷ್ಟ ಮಾಡ್ಕೊಳ್ಳೋಣ. ನಮಗೆ ಲೀಗ್ ಅಂದ ತಕ್ಷಣ ನೆನಪಾಗೋದು ಐಪಿಎಲ್. ನಮ್ಮ ಆರ್‌ಸಿಬಿ 2017ರಲ್ಲಿ ಕೊನೇ ಸ್ಥಾನ, 2019ರಲ್ಲೂ ಕೊನೇ ಸ್ಥಾನ. ಏನಾಯ್ತು? ಏನೂ ಆಗಲಿಲ್ಲ. ಮೀಮ್ಸ್ ಬಂದವು, ಬೈಗುಳ ಬಂತು, ಮುಂದಿನ ವರ್ಷ ಮತ್ತೆ ಅದೇ ಚಿನ್ನಸ್ವಾಮಿ, ಅದೇ ‘ಈ ಸಲ ಕಪ್ ನಮ್ದೆ’. ಯುರೋಪಿನ ಫುಟ್‌ಬಾಲ್‌ನಲ್ಲಿ ಹಾಗಿಲ್ಲ ಸ್ವಾಮಿ. ಅಲ್ಲಿ ಕೊನೇ ಸ್ಥಾನಕ್ಕೆ ಬಂದರೆ ನಿಮ್ಮನ್ನು ಕೆಳಗಿನ ದರ್ಜೆಗೆ ತಳ್ತಾರೆ. ಇದಕ್ಕೆ ರೆಲಿಗೇಶನ್ ಅಂತಾರೆ. ನಮ್ಮ ಸರ್ಕಾರಿ ಭಾಷೆಯಲ್ಲಿ ಹೇಳೋದಾದರೆ ಹಿಂಬಡ್ತಿ. ಟಿವಿ ಹಣ ಕುಸಿಯುತ್ತೆ, ಜಾಹೀರಾತುದಾರರು ಕೈ ಬಿಡ್ತಾರೆ, ಒಳ್ಳೆ ಆಟಗಾರರು ಗಂಟುಮೂಟೆ ಕಟ್ತಾರೆ. ಕ್ಲಬ್ಬಿನ ಕಚೇರಿಯಲ್ಲಿ ಗುಮಾಸ್ತಿಕೆ ಮಾಡೋರು, ಅಡುಗೆ ಮಾಡೋರು ಕೂಡ ಕೆಲಸ ಉಳಿಯುತ್ತೋ ಇಲ್ಲವೋ ಅಂತ ನಡುಗ್ತಾರೆ. ಅದಕ್ಕೇ ಅಲ್ಲಿ ಚಾಂಪಿಯನ್ ಯಾರು ಅನ್ನೋ ಚರ್ಚೆಗಿಂತ, ನಾವು ಉಳೀತೀವಾ ಅನ್ನೋ ಚರ್ಚೆಗೆ ಬಿಸಿ ಜಾಸ್ತಿ.

ಈ ಪದ್ಧತಿ ಎಲ್ಲಿಂದ ಬಂತು? ಇಂಗ್ಲೆಂಡಿನಿಂದ. 1888ರಲ್ಲಿ 12 ಕ್ಲಬ್ಬುಗಳು ಸೇರಿ ಫುಟ್‌ಬಾಲ್ ಲೀಗ್ ಕಟ್ಟಿದವು. 1892ರಲ್ಲಿ ಎರಡನೇ ದರ್ಜೆ ಬಂತು. ಆಗ ಮೇಲಿನ ದರ್ಜೆಯಲ್ಲಿ ಸೋತವರು, ಕೆಳಗಿನ ದರ್ಜೆಯಲ್ಲಿ ಗೆದ್ದವರು ‘ಟೆಸ್ಟ್ ಮ್ಯಾಚ್’ ಆಡಿ ಯಾರು ಎಲ್ಲಿರಬೇಕು ಅಂತ ತೀರ್ಮಾನ ಮಾಡ್ಕೋತಿದ್ದರು. 1898ರಲ್ಲಿ ಸ್ಟೋಕ್ ಮತ್ತು ಬರ್ನ್ಲಿ ತಂಡಗಳ ನಡುವೆ ಇಂಥದ್ದೇ ಒಂದು ಪಂದ್ಯ. ಡ್ರಾ ಆದರೆ ಇಬ್ಬರೂ ಮೇಲಿನ ದರ್ಜೆಗೆ ಪಾಸ್! ಇನ್ನು ಗೋಲು ಹೊಡೆಯೋರು ಯಾರು? ಇಬ್ಬರೂ ಹೊಡೆಯಲಿಲ್ಲ. ಪಂದ್ಯ 0-0. ಜನ ಛೀ ಥೂ ಅಂದರು. ಆ ವರ್ಷವೇ ಟೆಸ್ಟ್ ಮ್ಯಾಚ್ ರದ್ದಾಯ್ತು. ಕೊನೆಗೆ ಬಂದವರು ನೇರವಾಗಿ ಕೆಳಗೆ, ಮೊದಲು ಬಂದವರು ನೇರವಾಗಿ ಮೇಲೆ ಅನ್ನೋ ನಿಯಮ ಬಂತು. ಅಂದರೆ ಈ ನಿಯಮ ಹುಟ್ಟಿದ್ದೇ ಹೊಂದಾಣಿಕೆ ರಾಜಕೀಯ ತಡೆಯೋಕೆ. ಶಿಫಾರಸು ನಡೆಯಲ್ಲ, ಹೆಸರು ನಡೆಯಲ್ಲ, ಅಂಕ ಮಾತ್ರ ನಡೆಯುತ್ತೆ.

ಜರ್ಮನಿಯಲ್ಲಿ 1963ರವರೆಗೆ ಇಡೀ ದೇಶಕ್ಕೆ ಒಂದೇ ಲೀಗ್ ಇರಲಿಲ್ಲ. ಪ್ರಾದೇಶಿಕ ಲೀಗ್‌ಗಳಿದ್ದವು. 1962ರ ಜುಲೈನಲ್ಲಿ ಡಾರ್ಟ್‌ಮಂಡ್‌ನಲ್ಲಿ ಸೇರಿದ ಫುಟ್‌ಬಾಲ್ ಸಂಸ್ಥೆ ರಾಷ್ಟ್ರೀಯ ಲೀಗ್‌ಗೆ ಒಪ್ಪಿಗೆ ಕೊಡ್ತು. 16 ಕ್ಲಬ್ಬುಗಳನ್ನು ಆರಿಸಿದರು. ಇಲ್ಲೊಂದು ತಮಾಷೆ ನೋಡಿ. ಆ 16ರಲ್ಲಿ ಬಯರ್ನ್ ಮ್ಯೂನಿಕ್ ಇರಲಿಲ್ಲ! ಇವತ್ತು ಜರ್ಮನ್ ಫುಟ್‌ಬಾಲ್ ಅಂದರೆ ಬಯರ್ನ್ ಅನ್ನೋ ಹಾಗಿದೆ. ಆದರೆ ಅವತ್ತು ಮ್ಯೂನಿಕ್‌ನಿಂದ ಆಯ್ಕೆಯಾಗಿದ್ದು ‘1860 ಮ್ಯೂನಿಕ್’ ಅನ್ನೋ ಇನ್ನೊಂದು ಕ್ಲಬ್ಬು. ಬಯರ್ನ್ ಎರಡು ವರ್ಷ ಕೆಳಗೆ ಆಡಿ, ಗೆದ್ದು, 1965ರಲ್ಲಿ ಮೇಲೆ ಬಂತು. ಮತ್ತೆ ಕೆಳಗಿಳಿಯಲಿಲ್ಲ.

ಉಳಿದ ಸಂಸ್ಥಾಪಕರ ಗತಿ ಏನಾಯ್ತು? ಒಬ್ಬೊಬ್ಬರಾಗಿ ಉರುಳಿದರು. ಮೊದಲ ಸೀಸನ್‌ನಲ್ಲೇ ಮ್ಯೂನ್‌ಸ್ಟರ್ ಮತ್ತು ಸಾರ್‌ಬ್ರೂಕನ್ ಔಟ್. ನ್ಯೂರೆಂಬರ್ಗ್ 1968ರಲ್ಲಿ ಚಾಂಪಿಯನ್, 1969ರಲ್ಲಿ ರೆಲಿಗೇಟ್! ಕಿರೀಟ ಇಟ್ಟ ತಲೆಯನ್ನೇ ಮುಂದಿನ ವರ್ಷ ಹೊರಗೆ ಹಾಕಿದರು. 1972ರಲ್ಲಿ ಡಾರ್ಟ್‌ಮಂಡ್, 1975ರಲ್ಲಿ ಸ್ಟುಟ್‌ಗಾರ್ಟ್, 1981ರಲ್ಲಿ ಶಾಲ್ಕೆ, 1996ರಲ್ಲಿ ಫ್ರಾಂಕ್‌ಫರ್ಟ್ ಮತ್ತು ಕೈಸರ್‌ಸ್ಲಾಟರ್ನ್, 1998ರಲ್ಲಿ ಕೊಲೋನ್. ಕೊನೆಗೆ ಉಳಿದಿದ್ದು ಒಂದೇ ಒಂದು. ಹ್ಯಾಂಬರ್ಗ್.

ಎಚ್‌ಎಸ್‌ವಿ ಬರೀ ಉಳಿದುಕೊಂಡಿದ್ದ ಕ್ಲಬ್ಬಲ್ಲ, ಆಳಿದ ಕ್ಲಬ್ಬು. ಮೊದಲ ಬುಂಡೆಸ್‌ಲಿಗಾ ಸೀಸನ್‌ನಲ್ಲಿ 30 ಗೋಲು ಹೊಡೆದು ಮೊದಲ ಸ್ಥಾನದಲ್ಲಿದ್ದವರು ಇದೇ ಕ್ಲಬ್ಬಿನ ಊವೆ ಝೀಲರ್. ಹ್ಯಾಂಬರ್ಗಿನ ಮಗ. 1961ರಲ್ಲಿ ಇಟಲಿಯ ಇಂಟರ್ ಮಿಲಾನ್ ದುಡ್ಡಿನ ರಾಶಿ ಸುರಿಯೋಕೆ ರೆಡಿ ಇತ್ತು. ಊರು ಬಿಟ್ಟು ಬರಲ್ಲ ಅಂದುಬಿಟ್ಟರು ಪುಣ್ಯಾತ್ಮ. ಅವರ ಬಲಗಾಲಿನ ಬೃಹತ್ ಕಂಚಿನ ಪ್ರತಿಮೆ ಇವತ್ತಿಗೂ ಕ್ರೀಡಾಂಗಣದ ಹೊರಗಿದೆ. ಆಮೇಲೆ 1977ರಲ್ಲಿ ಇಂಗ್ಲೆಂಡಿನಿಂದ ಕೆವಿನ್ ಕೀಗನ್ ಬಂದರು. ಹ್ಯಾಂಬರ್ಗಿನಲ್ಲಿದ್ದಾಗಲೇ 1978, 1979 ಎರಡೂ ವರ್ಷ ಯುರೋಪಿನ ಅತ್ಯುತ್ತಮ ಆಟಗಾರ ಅನ್ನಿಸಿಕೊಂಡರು. 1979, 1982, 1983ರಲ್ಲಿ ಲೀಗ್ ಪ್ರಶಸ್ತಿ. 1982ರಿಂದ 1983ರ ಆರಂಭದವರೆಗೆ ಸತತ 36 ಲೀಗ್ ಪಂದ್ಯಗಳಲ್ಲಿ ಸೋಲೇ ಇಲ್ಲ. ಆ ದಾಖಲೆ ಮುರಿಯೋಕೆ ಬಯರ್ನ್‌ಗೆ 2013ರವರೆಗೆ ಬೇಕಾಯ್ತು. 1983ರ ಮೇ 25ರಂದು ಅಥೆನ್ಸ್‌ನಲ್ಲಿ ಬಲಿಷ್ಠ ಯುವೆಂಟಸ್ ವಿರುದ್ಧ ಫೆಲಿಕ್ಸ್ ಮಗಾಟ್ ಹೊಡೆದ ಒಂದೇ ಗೋಲು, ಯುರೋಪಿಯನ್ ಕಪ್ ಹ್ಯಾಂಬರ್ಗಿಗೆ!

ಅಲ್ಲಿಗೆ ಶಿಖರ ಮುಟ್ಟಾಯ್ತು. 1987ರಲ್ಲಿ ಜರ್ಮನ್ ಕಪ್ ಗೆದ್ದಿದ್ದೇ ಕೊನೆ, ಮತ್ತೆ ದೊಡ್ಡ ಟ್ರೋಫಿ ಬರಲಿಲ್ಲ. ಆದರೂ 2009, 2010ರಲ್ಲಿ ಯುರೋಪಿಯನ್ ಟೂರ್ನಿಯ ಸೆಮಿಫೈನಲ್ ತನಕ ಹೋದರು. ಹಾಗಾಗಿ ಈ ಕ್ಲಬ್ಬು ಬೀಳಬಹುದು ಅಂದರೆ ಹ್ಯಾಂಬರ್ಗಿನಲ್ಲಿ ಯಾರೂ ನಂಬ್ತಿರಲಿಲ್ಲ. ನಂಬೋದು ಹೇಗೆ? ಮೂಲೆಯಲ್ಲಿ ಗಡಿಯಾರ ಓಡ್ತಾ ಇದೆಯಲ್ಲ!

ಈಗ ಬಂತು ನೋಡಿ, 2014. ಬುಂಡೆಸ್‌ಲಿಗಾದಲ್ಲಿ 18 ತಂಡ, ತಲಾ 34 ಪಂದ್ಯ. ಕೊನೆಯ ಎರಡು ತಂಡ ನೇರವಾಗಿ ಕೆಳಗೆ. 16ನೇ ಸ್ಥಾನದವರಿಗೆ ಒಂದು ಸಪ್ಲಿಮೆಂಟರಿ ಪರೀಕ್ಷೆ. ಎರಡನೇ ದರ್ಜೆಯಲ್ಲಿ ಮೂರನೇ ಸ್ಥಾನಕ್ಕೆ ಬಂದವರ ಜೊತೆ ಎರಡು ಪಂದ್ಯ ಆಡಬೇಕು. ಗೆದ್ದವರು ಮೇಲೆ, ಸೋತವರು ಕೆಳಗೆ. ಆ ಸೀಸನ್‌ನಲ್ಲಿ ಎಚ್‌ಎಸ್‌ವಿ ಕೊನೆಯ ಐದೂ ಪಂದ್ಯ ಸೋತಿತು. 34 ಪಂದ್ಯಗಳಿಂದ ಬಂದಿದ್ದು ಬರೀ 27 ಅಂಕ. ಇದು ಫೇಲ್ ಆಗೋ ಮಾರ್ಕ್ಸ್. ಆದರೆ ಅದೃಷ್ಟ ನೋಡಿ, ನ್ಯೂರೆಂಬರ್ಗ್ 26 ತೆಗೆದಿತ್ತು, ಬ್ರಾನ್ಶ್‌ವೈಗ್ 25! ಪಕ್ಕದ ಬೆಂಚಿನವರು ಇನ್ನೂ ದಡ್ಡರಾಗಿದ್ದರಿಂದ ಇವರು 16ನೇ ಸ್ಥಾನಕ್ಕೆ ನಿಂತರು. ಪ್ಲೇಆಫ್‌ನಲ್ಲಿ ಗ್ರೋಯ್ಟರ್ ಫ್ಯುರ್ಟ್ ಎದುರಾಳಿ. ಮನೆಯಂಗಳದಲ್ಲಿ 0-0, ಅಲ್ಲಿ ಹೋಗಿ 1-1. ಎದುರಾಳಿಯ ಅಂಗಳದಲ್ಲಿ ಹೊಡೆದ ಆ ಒಂದು ಗೋಲಿಗೆ ತೂಕ ಜಾಸ್ತಿ ಅನ್ನೋ ನಿಯಮದಿಂದ ಎಚ್‌ಎಸ್‌ವಿ ಬಚಾವ್. ಒಂದೂ ಪಂದ್ಯ ಗೆಲ್ಲದೆ ಬಚಾವ್!

2015. ಈ ಸಲ ಒಂದೇ ಸೀಸನ್‌ನಲ್ಲಿ ನಾಲ್ಕು ಕೋಚ್‌ಗಳು. ಬಂದಿದ್ದು 35 ಅಂಕ. ನಮ್ಮ ಎಸ್ಸೆಸ್ಸೆಲ್ಸಿ ಮಕ್ಕಳ ಭಾಷೆಯಲ್ಲಿ ಹೇಳಿದರೆ ಜಸ್ಟ್ ಪಾಸ್, ಆದರೆ ಅಲ್ಲಿ ಅದೂ ಪಾಸಲ್ಲ, ಮತ್ತೆ 16ನೇ ಸ್ಥಾನ, ಮತ್ತೆ ಪ್ಲೇಆಫ್. ಎದುರಾಳಿ ಕಾರ್ಲ್‌ಸ್ರೂಹೆ. ಮೊದಲ ಪಂದ್ಯ 1-1. ಎರಡನೇ ಪಂದ್ಯದಲ್ಲಿ 90 ನಿಮಿಷ ಮುಗಿದಾಗ ಎಚ್‌ಎಸ್‌ವಿ 0-1ರಿಂದ ಹಿಂದೆ. ಅಷ್ಟರಲ್ಲಿ ಚೆಂಡು ಕಾರ್ಲ್‌ಸ್ರೂಹೆ ಆಟಗಾರ ಯೋನಾಸ್ ಮೆಫರ್ಟ್ ಕೈಗೆ ಬಡಿಯಿತು ಅಂತ ರೆಫ್ರಿ ಫ್ರೀ ಕಿಕ್ ಕೊಟ್ಟರು. ಬೇಕಂತಲೇ ಕೈ ಕೊಟ್ಟನಾ, ತಾನಾಗೇ ಬಂದು ಬಡಿಯಿತಾ? ಆ ಜಗಳ ವರ್ಷಗಟ್ಟಲೆ ನಡೀತು. ಚಿಲಿಯ ಮಾರ್ಸೆಲೋ ಡಿಯಾಸ್ ಆ ಫ್ರೀ ಕಿಕ್ ಅನ್ನು ನೇರವಾಗಿ ಬಲೆಗೆ ಕಳಿಸಿದರು. ಹೆಚ್ಚುವರಿ ಸಮಯದ 115ನೇ ನಿಮಿಷದಲ್ಲಿ ನಿಕೊಲಾಯ್ ಮ್ಯುಲ್ಲರ್ ಇನ್ನೊಂದು ಗೋಲು. ಎಚ್‌ಎಸ್‌ವಿ ಮತ್ತೆ ಬಚಾವ್.

2017. ಕೊನೆಯ ಪಂದ್ಯ, ವುಲ್ಫ್ಸ್‌ಬರ್ಗ್ ವಿರುದ್ಧ. ಗೆಲ್ಲಲೇಬೇಕು, ಇಲ್ಲದಿದ್ದರೆ ಮತ್ತೆ ಪ್ಲೇಆಫ್. ಪಂದ್ಯ 1-1. ಬದಲಿ ಆಟಗಾರನಾಗಿ ಆಗಷ್ಟೇ ಒಳಗೆ ಬಂದಿದ್ದ ಹುಡುಗ ಲೂಕಾ ವಾಲ್ಡ್‌ಶ್ಮಿಟ್, 88ನೇ ನಿಮಿಷದಲ್ಲಿ ತಲೆಯಿಂದ ಹೊಡೆದ ಗೋಲು. ಬುಂಡೆಸ್‌ಲಿಗಾದಲ್ಲಿ ಅವನ ಮೊಟ್ಟಮೊದಲ ಗೋಲು. ಬಚಾವ್!

ನಮ್ಮಲ್ಲಿ ಒಂದು ಮಾತಿದೆ. ಬೀಸೋ ದೊಣ್ಣೆ ತಪ್ಪಿದರೆ ಸಾವಿರ ವರ್ಷ ಆಯಸ್ಸು ಅಂತ. ಹ್ಯಾಂಬರ್ಗ್ ಮೂರು ಸಲ ದೊಣ್ಣೆ ತಪ್ಪಿಸಿಕೊಂಡಿತು. ಆದರೆ ದೊಣ್ಣೆ ಯಾಕೆ ಪದೇ ಪದೇ ಬೀಸ್ತಾ ಇದೆ ಅಂತ ಕೇಳಿದವರು ಎಷ್ಟು ಜನ?

ಕೇಳಿದವರು ಇದ್ದರು. ಅದನ್ನೂ ಹೇಳಬೇಕು. ಈ ವರ್ಷಗಳಲ್ಲಿ ಹ್ಯಾಂಬರ್ಗಿನ ಅಭಿಮಾನಿಗಳಲ್ಲಿ ಮೂರು ಬಣ ಆಗಿತ್ತು. ಒಂದು ಬಣ, ನಂಬಿಕಸ್ಥರು. ‘ನಾವು ಬೀಳಲ್ಲ, ಇಷ್ಟು ವರ್ಷ ಬಿದ್ದಿಲ್ಲ, ಈಗ್ಯಾಕೆ ಬೀಳ್ತೀವಿ’ ಅನ್ನೋರು. ಇನ್ನೊಂದು ಬಣ, ಲೆಕ್ಕದ ಮೇಷ್ಟ್ರುಗಳು. ನಾವು ಇವರನ್ನು ಗೆದ್ದು, ಅವರು ಇವರಿಗೆ ಸೋತು, ಆ ಇನ್ನೊಬ್ಬರು ಡ್ರಾ ಮಾಡ್ಕೊಂಡರೆ ಒಂದು ಅಂಕದಲ್ಲಿ ಉಳೀತೀವಿ ಅನ್ನೋರು. ಐಪಿಎಲ್ ಕೊನೇ ವಾರದಲ್ಲಿ ನೆಟ್ ರನ್ ರೇಟ್ ಲೆಕ್ಕ ಹಾಕ್ತಾ ಕೂತಿರ್ತೀವಲ್ಲ, ಅದೇ ಜಾತಿ. ಮೂರನೇ ಬಣ ಮಾತ್ರ ವಿಚಿತ್ರ. ‘ಬೀಳಲಿ ಬಿಡಿ, ಒಂದ್ಸಲ ಬಿದ್ದು ಎದ್ದರೇನೇ ಬುದ್ಧಿ ಬರೋದು’ ಅನ್ನೋರು. ಇವರು ದ್ರೋಹಿಗಳಲ್ಲ. ಅದೇ ಕ್ಲಬ್ಬಿನ ಶಾಲು ಹೊದ್ದವರೇ.

ಇವರಿಗೆ ಯಾಕಿಷ್ಟು ಸಿಟ್ಟು? ಮೊದಲನೇದು, ದುಡ್ಡಿನ ವಿಷಯ. ಹ್ಯಾಂಬರ್ಗ್ ಮೂಲದ ಕೋಟ್ಯಧಿಪತಿ ಉದ್ಯಮಿ ಕ್ಲಾವ್ಸ್-ಮಿಖಾಯಿಲ್ ಕ್ಯುನೆ ಕ್ಲಬ್ಬಿಗೆ ಹಣ ಕೊಟ್ಟರು. ಹಳೇ ಸ್ಟಾರ್ ರಫೇಲ್ ಫಾನ್ ಡರ್ ವಾರ್ಟ್ 2012ರಲ್ಲಿ ವಾಪಸ್ ಬಂದಿದ್ದು ಅವರ ಹಣದ ಬಲದಿಂದ. ಹಣ ಕೊಟ್ಟವರು ಸುಮ್ಮನೆ ಕೂರ್ತಾರಾ? ಕ್ಲಬ್ಬಿನ ಬಗ್ಗೆ ಬಹಿರಂಗವಾಗಿ ಮಾತಾಡೋಕೆ ಶುರು ಮಾಡಿದರು. ಎರಡನೇದು, ಒಡೆತನದ ವಿಷಯ. ಜರ್ಮನಿಯಲ್ಲಿ ಕ್ಲಬ್ಬು ಅಂದರೆ ಸದಸ್ಯರ ಆಸ್ತಿ, ನಮ್ಮ ಸಹಕಾರ ಸಂಘದ ಹಾಗೆ. 2014ರ ಮೇನಲ್ಲಿ, ಆ ಪ್ಲೇಆಫ್ ಮುಗಿದ ಒಂದು ವಾರದಲ್ಲಿ, ಫುಟ್‌ಬಾಲ್ ವಿಭಾಗವನ್ನು ಬೇರೆ ಕಂಪನಿ ಮಾಡೋಕೆ ಸದಸ್ಯರು ಭಾರೀ ಬಹುಮತದಿಂದ ಒಪ್ಪಿದರು. ಒಪ್ಪದ ಕೆಲವು ಅಭಿಮಾನಿಗಳು ಹೊರಗೆ ನಡೆದು ‘ಎಚ್‌ಎಫ್‌ಸಿ ಫಾಲ್ಕೆ’ ಅನ್ನೋ ಸ್ವಂತ ಕ್ಲಬ್ಬನ್ನೇ ಕಟ್ಟಿ, ತೀರಾ ಕೆಳಗಿನ ದರ್ಜೆಯಿಂದ ಆಡೋಕೆ ಶುರು ಮಾಡಿದರು. ಯೋಚನೆ ಮಾಡಿ, ಕ್ಲಬ್ಬು ಕೆಳಗೆ ಬೀಳಬಾರದು ಅಂತ ಒಂದು ಕಡೆ ಹೋರಾಟ. ಇನ್ನೊಂದು ಕಡೆ, ಅದೇ ಕ್ಲಬ್ಬಿನ ಜನ ತಾವಾಗೇ ಇಳಿದು ಹೋಗಿ ಕಟ್ಟಕಡೆಯ ಮೆಟ್ಟಿಲಲ್ಲಿ ನಿಂತರು.

ಆಡಳಿತಕ್ಕೆ ಇದ್ಯಾವುದೂ ಕೇಳಿಸಲಿಲ್ಲ. ಪ್ರತಿ ವರ್ಷ ಬಚಾವಾದಾಗ ಸಂಭ್ರಮ. ಸಂಭ್ರಮ ಮುಗಿದ ಮೇಲೆ ಹೊಸ ಕೋಚ್, ಹೊಸ ಸಾಲ, ಹೊಸ ಆಟಗಾರರು. ಯೋಜನೆ ಮಾತ್ರ ಇಲ್ಲ. ಕೂತು ಉಣ್ಣೋನಿಗೆ ಕುಡಿಕೆ ಹೊನ್ನು ಸಾಲದು ಅಂತಾರಲ್ಲ, 1983ರ ಕುಡಿಕೆ ಅದು, ಮೂವತ್ತು ವರ್ಷ ಕೂತು ಉಂಡರು.

ಬಂತು 2018ರ ಮೇ 12. ಆ ಸೀಸನ್‌ನಲ್ಲಿ ಮೂರನೇ ಕೋಚ್ ಕ್ರಿಸ್ಟಿಯಾನ್ ಟಿಟ್ಸ್ ಬಂದ ಮೇಲೆ ತಂಡ ಸ್ವಲ್ಪ ಚೇತರಿಸಿಕೊಂಡಿತ್ತು. ಕೊನೇ ದಿನದ ಲೆಕ್ಕ ಹೀಗಿತ್ತು. ಎಚ್‌ಎಸ್‌ವಿ ಮೋಂಚನ್‌ಗ್ಲಾಡ್‌ಬಾಕ್ ತಂಡವನ್ನು ಗೆಲ್ಲಬೇಕು. ಅತ್ತ ವುಲ್ಫ್ಸ್‌ಬರ್ಗ್, ಆಗಲೇ ಕೆಳಗೆ ಬಿದ್ದಾಗಿದ್ದ ಕೊಲೋನ್‌ಗೆ ಸೋಲಬೇಕು. ಹ್ಯಾಂಬರ್ಗ್ ತನ್ನ ಕೆಲಸ ಮಾಡ್ತು, 2-1ರಿಂದ ಗೆದ್ದಿತು. ಆದರೆ ವುಲ್ಫ್ಸ್‌ಬರ್ಗ್ ಕೊಲೋನ್ ಅನ್ನು 4-1ರಿಂದ ಚಚ್ಚಿ ಹಾಕಿತ್ತು. ವುಲ್ಫ್ಸ್‌ಬರ್ಗ್ 33 ಅಂಕ, ಹ್ಯಾಂಬರ್ಗ್ 31. ನಾಲ್ಕು ವರ್ಷದ ಹಿಂದೆ 27 ಅಂಕಕ್ಕೆ ಉಳಿದಿದ್ದ ಕ್ಲಬ್ಬು ಈ ಸಲ 31 ಅಂಕ ತೆಗೆದೂ ಬಿತ್ತು. ಅವತ್ತು ಬೇರೆಯವರ ದಡ್ಡತನ ಕಾಪಾಡಿತ್ತು. ಇವತ್ತು ಕಾಪಾಡಲಿಲ್ಲ. ಅಷ್ಟೇ ವ್ಯತ್ಯಾಸ.

ಪಂದ್ಯ ಮುಗಿಯೋಕೆ ಕ್ಷಣಗಳಿದ್ದಾಗ ಒಂದು ಸ್ಟ್ಯಾಂಡಿನಿಂದ ಪಟಾಕಿ, ಹೊಗೆ ಬಾಂಬುಗಳು ಮೈದಾನಕ್ಕೆ ಬಿದ್ದವು. ಗೋಲ್ ಪೆಟ್ಟಿಗೆಯ ಮುಂದೆ ಕಪ್ಪು ಹೊಗೆ. ಕುದುರೆ ಮೇಲಿನ ಪೊಲೀಸರು, ನಾಯಿಗಳು ಒಳಗೆ ಬಂದವು. ಹತ್ತು ಹದಿನೈದು ನಿಮಿಷ ಆಟ ನಿಂತಿತು. ಟಿವಿಗಳು ಅದನ್ನೇ ತೋರಿಸಿದವು, ತೋರಿಸೋದು ಸಹಜ. ಆದರೆ ಅಲ್ಲಿ ಇನ್ನೊಂದು ದೃಶ್ಯವೂ ಇತ್ತು. ಉಳಿದ ಇಡೀ ಕ್ರೀಡಾಂಗಣ ಎದ್ದು ನಿಂತು ಆ ಪುಂಡರ ವಿರುದ್ಧ ಸಿಳ್ಳೆ ಹಾಕ್ತು. ತಮ್ಮ ಕ್ಲಬ್ಬು ಮುಳುಗ್ತಿರೋ ಹೊತ್ತಲ್ಲೂ ಮರ್ಯಾದೆ ಬಿಡದ ಸಾವಿರಾರು ಜನ ಅವರು.

ಗಡಿಯಾರದ ಲೆಕ್ಕ 54 ವರ್ಷ 261 ದಿನಕ್ಕೆ ಮುಗಿಯಿತು. ಅವತ್ತಿನಿಂದ, ಅತಿ ಹೆಚ್ಚು ಕಾಲ ಬುಂಡೆಸ್‌ಲಿಗಾದಲ್ಲಿ ಸತತವಾಗಿರೋ ಕ್ಲಬ್ಬು ಯಾವುದು ಗೊತ್ತಾ? 1963ರಲ್ಲಿ ಜಾಗವೇ ಸಿಗದಿದ್ದ ಬಯರ್ನ್ ಮ್ಯೂನಿಕ್!

ಆಮೇಲೆ? ಒಂದು ವರ್ಷ ಕೆಳಗಿದ್ದು ವಾಪಸ್ ಬರ್ತೀವಿ ಅಂದುಕೊಂಡಿದ್ದರು. ಏಳು ವರ್ಷ ಆಯ್ತು. ನಾಲ್ಕನೇ ಸ್ಥಾನ, ನಾಲ್ಕನೇ ಸ್ಥಾನ, ಮತ್ತೆ ನಾಲ್ಕನೇ ಸ್ಥಾನ. 2022ರಲ್ಲಿ ಮೂರನೇ ಸ್ಥಾನ, ಪ್ಲೇಆಫ್‌ನಲ್ಲಿ ಬರ್ಲಿನ್‌ನ ಹೆರ್ತಾ ವಿರುದ್ಧ ಮೊದಲ ಪಂದ್ಯ ಗೆದ್ದು ಎರಡನೇದು ಸೋತರು. 2023ರ ಮೇ 28ರಂದು ಆಗಿದ್ದಂತೂ ಶತ್ರುಗಳಿಗೂ ಬೇಡ. ಸಾಂಡ್‌ಹೌಸನ್‌ನಲ್ಲಿ 1-0ರಿಂದ ಗೆದ್ದರು. ಬಡ್ತಿ ಸಿಕ್ಕಿತು ಅಂತ ಮೈಕಿನಲ್ಲಿ ಅಭಿನಂದನೆ ಕೂಡ ಹೇಳಿಬಿಟ್ಟರು. ಜನ ಮೈದಾನಕ್ಕೆ ನುಗ್ಗಿ ಕುಣಿದರು. ಆದರೆ ಬೇರೊಂದು ಊರಿನಲ್ಲಿ ಹೈಡನ್‌ಹೈಮ್ ತಂಡದ ಪಂದ್ಯ ಇನ್ನೂ ಮುಗಿದಿರಲಿಲ್ಲ! 0-2ರಿಂದ ಹಿಂದಿದ್ದ ಆ ತಂಡ 90 ನಿಮಿಷ ದಾಟಿದ ಮೇಲೆ ಎರಡು ಗೋಲು ಹೊಡೆದು 3-2ರಿಂದ ಗೆದ್ದಿತು. ಸುಮಾರು 50,000 ಜನಸಂಖ್ಯೆಯ ಊರಿನ ತಂಡ ಮೇಲೆ ಹೋಯ್ತು. ಜರ್ಮನಿಯ ಎರಡನೇ ಅತಿದೊಡ್ಡ ನಗರದ ತಂಡ ಕೆಳಗೇ ಉಳೀತು. ಮರುವರ್ಷ ಮತ್ತೆ ನಾಲ್ಕನೇ ಸ್ಥಾನ. ಸಾಲದ್ದಕ್ಕೆ, 2024ರಲ್ಲಿ ಅದೇ ಊರಿನ ಎದುರಾಳಿ ಸೇಂಟ್ ಪೌಲಿ ಮೇಲಿನ ದರ್ಜೆಗೆ ಹೋಯ್ತು.

ಇಷ್ಟೆಲ್ಲ ಆದರೂ ಜನ ಕೈಬಿಟ್ಟರಾ? ಇಲ್ಲ. ಎರಡನೇ ದರ್ಜೆಯಲ್ಲಿದ್ದಾಗಲೂ ಪಂದ್ಯಕ್ಕೆ ಸರಾಸರಿ 50,000ಕ್ಕೂ ಹೆಚ್ಚು ಜನ ಬಂದ ಸೀಸನ್‌ಗಳಿವೆ. ಗಡಿಯಾರ ನೋಡೋಕೆ ಬರ್ತಿದ್ದವರಾಗಿದ್ದರೆ ಅದು ಹೋದ ದಿನವೇ ಅವರೂ ಹೋಗಬೇಕಿತ್ತಲ್ಲ?

ಮೊದಲಿಗೆ ಆಡಳಿತದವರು ಗಡಿಯಾರವನ್ನು ಬಿಡೋಕೆ ರೆಡಿ ಇರಲಿಲ್ಲ. ಬುಂಡೆಸ್‌ಲಿಗಾ ಲೆಕ್ಕ ಹೋದರೇನಂತೆ ಅಂತ, 1887ರಲ್ಲಿ ಕ್ಲಬ್ಬು ಹುಟ್ಟಿದ ದಿನದಿಂದ ಎಣಿಸೋ ಹಾಗೆ ಮಾಡಿದರು. ಒಂದು ವರ್ಷ ಆದ ಮೇಲೆ, 2019ರಲ್ಲಿ, ತೆಗೆದೇ ಹಾಕಿದರು. ಆ ಜಾಗದಲ್ಲಿ ಕ್ರೀಡಾಂಗಣದ ಅಕ್ಷಾಂಶ, ರೇಖಾಂಶ ಬರೆಸಿದರು. ಎಷ್ಟು ಕಾಲದಿಂದ ಇದೀವಿ ಅಂತ ಅಲ್ಲ, ಈಗ ಎಲ್ಲಿದೀವಿ ಅಂತ.

2025ರ ಮೇ 10. ಉಲ್ಮ್ ವಿರುದ್ಧ 6-1. ಏಳು ವರ್ಷದ ನಂತರ ಹ್ಯಾಂಬರ್ಗ್ ಮೇಲಿನ ದರ್ಜೆಗೆ ವಾಪಸ್. ಸಂಭ್ರಮದ ನೂಕುನುಗ್ಗಲಿನಲ್ಲಿ ಹಲವರು ಗಾಯಗೊಂಡರು ಅನ್ನೋದು ನೋವಿನ ಸಂಗತಿ. ಕೋಚ್ ಯಾರು? ದೊಡ್ಡ ಹೆಸರಿನವರಲ್ಲ. ಅದೇ ಊರಲ್ಲಿ ಹುಟ್ಟಿ, ಅದೇ ಕ್ಲಬ್ಬಿನ ಅಭಿಮಾನಿಯಾಗಿ ಬೆಳೆದ ಮರ್ಲಿನ್ ಪೋಲ್ಟ್ಸಿನ್. ತಂಡದ ಮಧ್ಯಭಾಗದಲ್ಲಿ ಇದ್ದವರು ಯಾರು? ಯೋನಾಸ್ ಮೆಫರ್ಟ್! ಹೌದು, ಹತ್ತು ವರ್ಷದ ಹಿಂದೆ ಯಾರ ಕೈಗೆ ಚೆಂಡು ಬಡಿದು ಹ್ಯಾಂಬರ್ಗ್ ಬಚಾವಾಗಿತ್ತೋ, ಅದೇ ಮೆಫರ್ಟ್. ಅವತ್ತು ಅವರು ಕೊಟ್ಟಿದ್ದು ಅದೃಷ್ಟ. ಈ ಸಲ ಕೊಟ್ಟಿದ್ದು ದುಡಿಮೆ. ಊವೆ ಝೀಲರ್ ಮಾತ್ರ ಇದನ್ನು ನೋಡೋಕೆ ಇರಲಿಲ್ಲ. 2022ರ ಜುಲೈನಲ್ಲಿ ತೀರಿಕೊಂಡಿದ್ದರು.

ಇದು ನಮಗ್ಯಾಕೆ ಅಂತೀರಾ? ನಮ್ಮ ಬೆಂಗಳೂರಿನಲ್ಲೂ ಎಚ್‌ಎಎಲ್ ತಂಡ ಇತ್ತು. ಐ-ಲೀಗ್‌ನಲ್ಲಿ ಆಡ್ತಿತ್ತು. 2012ರಲ್ಲಿ ಕೊನೇ ಸ್ಥಾನಕ್ಕೆ ಬಂದು ಕೆಳಗೆ ಬಿತ್ತು. ನಮ್ಮಲ್ಲಿ ಎಷ್ಟು ಮನೆಯಲ್ಲಿ ಆ ರಾತ್ರಿ ಊಟ ಸೇರಲಿಲ್ಲ? ಎಷ್ಟು ಜನ ಲೆಕ್ಕ ಹಾಕ್ತಾ ಕೂತಿದ್ದರು? ಎರಡು ವರ್ಷದ ನಂತರ ಬಂದ ಐಎಸ್‌ಎಲ್ ರೆಲಿಗೇಶನ್ನೇ ಇಲ್ಲದೆ ಶುರುವಾಯ್ತು. ಹೂಡಿಕೆದಾರರಿಗೆ ಭದ್ರತೆ ಬೇಕು ಅನ್ನೋ ವಾದದಲ್ಲಿ ಹುರುಳಿಲ್ಲ ಅಂತ ಹೇಳಲ್ಲ. ಆದರೆ ಬೀಳೋ ಭಯ ಇಲ್ಲದ ಕಡೆ, ಉಳಿದ ಖುಷಿಯೂ ಇರಲ್ಲ.

ಫುಟ್‌ಬಾಲ್ ಬಿಟ್ಟು ನೋಡಿದರೂ ಈ ಗಡಿಯಾರ ನಮ್ಮ ಸುತ್ತ ಎಷ್ಟು ಕಡೆ ಇಲ್ಲ ಹೇಳಿ? ನಮ್ಮ ಪಕ್ಷಕ್ಕೆ ಇಷ್ಟು ವರ್ಷದ ಇತಿಹಾಸ, ನಮ್ಮ ಕಾಲೇಜಿಗೆ ಇಷ್ಟು ವರ್ಷದ ಪರಂಪರೆ, ನಮ್ಮ ಚಾನೆಲ್ಲು ಇಷ್ಟು ವರ್ಷದಿಂದ ನಂಬರ್ ಒನ್! ಎಲ್ಲರ ಮೂಲೆಯಲ್ಲೂ ಒಂದು ಗಡಿಯಾರ ಓಡ್ತಾನೇ ಇದೆ. ಆ ಹೊತ್ತಿಗೆ ಅಂಕಪಟ್ಟಿಯಲ್ಲಿ ನಾವು ಎಷ್ಟನೇ ಸ್ಥಾನದಲ್ಲಿದ್ದೀವಿ ಅಂತ ನೋಡೋಕೆ ಮಾತ್ರ ಯಾರಿಗೂ ಪುರುಸೊತ್ತಿಲ್ಲ. ಹ್ಯಾಂಬರ್ಗಿನವರು ಆ ಪಟ್ಟಿ ನೋಡೋದನ್ನು ಕಲಿಯೋಕೆ ಏಳು ವರ್ಷ ತಗೊಂಡರು. ನಾವು ಸ್ವಲ್ಪ ಬೇಗ ಕಲಿಯೋಣ.